25 ಫ್ರೇಮೋ, 30 ಫ್ರೇಮೋ: ನಮ್ಮ ತಾಲ್ಲೂಕುಗಳ ವಿಡಿಯೋ ತಕರಾರು

ಲಗ್ನದ ಸುಗ್ಗಿ ಮುಗಿದ ಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಫೋಟೋ ಸ್ಟುಡಿಯೋಗಳಲ್ಲಿ ತಕರಾರಿನ ಸುಗ್ಗಿ ಶುರುವಾಗುತ್ತದೆ. “ಅಣ್ಣಾರ, ನೀವು ಕೊಟ್ಟ ಪೆನ್‌ಡ್ರೈವ್ ನಮ್ಮ ಟೀವ್ಯಾಗ ಓಡವಲ್ದು” ಎಂದು ಒಬ್ಬರು. “ಅಕ್ಕಿಕಾಳು ಹಾಕೂ ಮುಂದ ಚಿತ್ರ ಕುಂಟತೈತಿ” ಎಂದು ಇನ್ನೊಬ್ಬರು. ಅಜ್ಜನ ಮಾರಿ ಅಗಲ ಆಗಿದೆ, ಸ್ವಾಮಿಗಳ ಬಾಯಿ ಮುಂದೆ ಓಡುತ್ತದೆ, ಮಾತು ಹಿಂದೆ ಬರುತ್ತದೆ, ಮಂಟಪದ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಏರಿಳಿಯುತ್ತವೆ. ಇವಕ್ಕೆಲ್ಲ ಸಿಗುವ ಉತ್ತರ ಒಂದೇ: “ಕನ್ವರ್ಟ್ ಮಾಡಿ ಕೊಡ್ತೀನಿ ತಡೀರಿ.” ಕನ್ವರ್ಟ್ ಆಗುತ್ತದೆ. ಒಂದು ತೊಂದರೆ ಹೋಗಿ ಎರಡು ಬರುತ್ತವೆ.

ಫೈಲ್ ಎಲ್ಲಿ ಹುಟ್ಟಿತು, ಹೇಗೆ ಹುಟ್ಟಿತು ಎಂದು ನೋಡದೆ ಸೆಟ್ಟಿಂಗ್ ಬದಲಿಸುವುದೇ ಇದಕ್ಕೆ ಕಾರಣ ಎಂಬುದು ನನ್ನ ಅಭಿಪ್ರಾಯ. ನಮ್ಮ ಕಡೆಯ ಬಹುಪಾಲು ವಿಡಿಯೋ ಸಮಸ್ಯೆಗಳು ಎರಡು ಬೇರೆ ಬೇರೆ ಲೆಕ್ಕಗಳನ್ನು ಬೆರೆಸಿದ್ದರಿಂದ ಬಂದಿವೆ. ಒಂದು ನಮ್ಮ ಕರೆಂಟಿನ ಲೆಕ್ಕ, ಅದು 50 ಮತ್ತು 25. ಇನ್ನೊಂದು ಮೊಬೈಲಿನ ಲೆಕ್ಕ, ಅದು 60 ಮತ್ತು 30. ಇವುಗಳ ಮೇಲೆ ದೊಡ್ಡ ಅಂಕಿ ಅಂದರೆ ಒಳ್ಳೆಯ ಚಿತ್ರ ಎಂಬ ನಂಬಿಕೆ ಬೇರೆ ಕೂತಿದೆ.

ಭಾರತಕ್ಕೆ ಬಣ್ಣದ ಟೀವಿ ಬಂದದ್ದು 1982ರಲ್ಲಿ, ದಿಲ್ಲಿ ಏಷ್ಯಾಡ್ ನಡೆದ ವರ್ಷ. ಆಗ ನಮ್ಮ ದೇಶ ಆರಿಸಿಕೊಂಡದ್ದು ಪಾಲ್ ಪದ್ಧತಿ: 625 ಗೆರೆ, ಸೆಕೆಂಡಿಗೆ 25 ಫ್ರೇಮ್. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 525 ಗೆರೆ, ಸೆಕೆಂಡಿಗೆ 30ಕ್ಕೆ ಕೂದಲೆಳೆಯಷ್ಟು ಕಡಿಮೆ, ಅಂದರೆ 29.97 ಫ್ರೇಮ್. ಈ ಭೇದದ ಬೇರು ವಿದ್ಯುತ್ತಿನಲ್ಲಿದೆ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತ ಸುತ್ತುತ್ತದೆ, ಅಲ್ಲಿಯದು 60. ಹಳೆಯ ಟೀವಿಗಳನ್ನು ಆಯಾ ದೇಶದ ಕರೆಂಟಿಗೆ ಹೊಂದಿಸಿಯೇ ರೂಪಿಸಿದ್ದರು. ಹಾಗಾಗಿ ನಮ್ಮಲ್ಲಿ ತುಂಬಿದ ವಿಎಚ್‌ಎಸ್ ಕ್ಯಾಸೆಟ್, ಆಮೇಲೆ ಬಂದ ವಿಸಿಡಿ, ಡಿವಿಡಿ, ಮಿನಿ ಡಿವಿ ಟೇಪು ಎಲ್ಲವೂ 25ರ ಲೆಕ್ಕದವು. ಇವತ್ತಿಗೂ ಭಾರತಕ್ಕೆಂದು ಹೊಂದಿಸಿದ ಕ್ಯಾಮೆರಾಗಳಲ್ಲಿ 25 ಮತ್ತು 50 ಕಾಣುತ್ತವೆ. ಮೊಬೈಲು ಮಾತ್ರ ಜಗತ್ತಿಗೆಲ್ಲ ಒಂದೇ ಎಂಬಂತೆ 30, 60 ಇಟ್ಟುಕೊಂಡೇ ಕಿಸೆಗೆ ಬಂತು.

ಈಗ ಒಂದು ಲಗ್ನ ನೋಡಿ. ಸ್ಟುಡಿಯೋದವರ ಎರಡು ಕ್ಯಾಮೆರಾ 25ರಲ್ಲಿ ಓಡುತ್ತಿವೆ. ವರನ ಅಣ್ಣನ ಮಗ ಮೆರವಣಿಗೆಯನ್ನು ಮೊಬೈಲಿನಲ್ಲಿ 30ರಲ್ಲಿ ಹಿಡಿದಿದ್ದಾನೆ. ಡ್ರೋನ್ ತಂದವನದು 60. ಎಡಿಟಿಂಗ್ ಕಂಪ್ಯೂಟರಿನಲ್ಲಿ ಮೂರೂ ಒಂದೇ ಟೈಮ್‌ಲೈನಿಗೆ ಬೀಳುತ್ತವೆ. ಟೈಮ್‌ಲೈನ್ 25 ಆಗಿದ್ದರೆ ಮೊಬೈಲಿನ ಪ್ರತಿ ಆರು ಫ್ರೇಮಿಗೆ ಒಂದನ್ನು ತಂತ್ರಾಂಶ ಎಸೆಯಬೇಕು. ಸೆಕೆಂಡಿಗೆ ಐದು ಸಲ ಚಿತ್ರ ಜಿಗಿಯುತ್ತದೆ. ಟೈಮ್‌ಲೈನ್ 30 ಆಗಿದ್ದರೆ ಕ್ಯಾಮೆರಾದ ಪ್ರತಿ ಐದು ಫ್ರೇಮಿಗೆ ಒಂದನ್ನು ಎರಡು ಸಲ ತೋರಿಸಬೇಕು. ಆಗಲೂ ಸೆಕೆಂಡಿಗೆ ಐದು ಸಲ ನಿಂತಂತಾಗುತ್ತದೆ. ಕುಳಿತ ಬೀಗರನ್ನು ತೋರಿಸುವಾಗ ಇದು ಗೊತ್ತಾಗುವುದಿಲ್ಲ. ಕ್ಯಾಮೆರಾ ಎಡದಿಂದ ಬಲಕ್ಕೆ ಹೊರಳಿದಾಗ, ತೇರು ಎಳೆಯುವಾಗ, ಡೊಳ್ಳಿನ ಮೇಳ ಕುಣಿಯುವಾಗ ಕಣ್ಣಿಗೆ ಹೊಡೆಯುತ್ತದೆ. “ಕುಂಟತೈತಿ” ಎಂದದ್ದು ಇದನ್ನೇ.

ಇದನ್ನು ಮುಚ್ಚಲು ಎರಡು ಫ್ರೇಮ್ ಕಲಸಿ ಒಂದು ಮಾಡುವ ಆಯ್ಕೆಯಿದೆ. ಅದರಲ್ಲಿ ಓಡುವವನ ಹಿಂದೆ ಅವನದೇ ನೆರಳು ಓಡುತ್ತದೆ. ನಡುವಿನ ಫ್ರೇಮನ್ನು ಯಂತ್ರವೇ ಊಹಿಸಿ ಬಿಡಿಸುವ ಹೊಸ ವಿಧಾನವೂ ಇದೆ. ನಿಧಾನದ ಚಲನೆಗೆ ಅದು ಒಪ್ಪುತ್ತದೆ, ಡೊಳ್ಳಿನ ಕೋಲು ಹಿಡಿದ ಕೈ ಮಾತ್ರ ಮಧ್ಯದಲ್ಲಿ ಕರಗಿ ಮತ್ತೆ ಮೂಡುತ್ತದೆ. 50ನ್ನು 25 ಮಾಡಿದರೆ ಇಂಥ ಪೀಡೆ ಇಲ್ಲ, ಒಂದು ಬಿಟ್ಟು ಒಂದು ತೆಗೆದರೆ ಆಯಿತು. 60ನ್ನು 30 ಮಾಡುವುದೂ ಹಾಗೆಯೇ. 60ನ್ನು 25 ಮಾಡಲು ಹೊರಟವರು ಭಾಗಿಸಿ ನೋಡಲಿ. ಲಗ್ನದ ಹಿಂದಿನ ದಿನ ಎಲ್ಲ ಕ್ಯಾಮೆರಾದವರೂ ಒಂದೇ ಅಂಕಿಗೆ ಒಪ್ಪಿಕೊಂಡರೆ ಸಾಕು, ಆಮೇಲಿನ ಅರ್ಧ ಕೆಲಸ ಉಳಿಯುತ್ತದೆ. ಎಲ್ಲವೂ ಮೊಬೈಲಿನಲ್ಲೇ ಆದದ್ದಾದರೆ 30ರಲ್ಲೇ ಮುಗಿಸಿ. 25 ಆಗಲೇಬೇಕೆಂಬ ವ್ರತವೇನೂ ಇಲ್ಲ.

ಗೋಡೆಯ ಮೇಲಿನ ಕಪ್ಪು ಪಟ್ಟಿಗಳ ಕತೆ ಬೇರೆ. ಅದನ್ನು ಯಾವ ಕನ್ವರ್ಷನ್ನೂ ಸರಿಯಾಗಿ ತೆಗೆಯಲಾರದು. 50 ಹರ್ಟ್ಜ್ ಕರೆಂಟಿನಲ್ಲಿ ಹಳೆಯ ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50ರಲ್ಲಿದ್ದರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಸಿಗುತ್ತವೆ, 1/100ರಲ್ಲಿದ್ದರೆ ಒಂದು. 1/60ರಲ್ಲಿದ್ದರೆ ಒಂದೂ ಮುಕ್ಕಾಲಿಗೆ ಹತ್ತಿರ ಸಿಗುತ್ತದೆ. ಆ ಅರೆಬರೆಯೇ ಪಟ್ಟಿಯಾಗಿ ತೆವಳುತ್ತದೆ. ಪರಿಹಾರ ಫ್ರೇಮ್ ರೇಟಿನಲ್ಲಿಲ್ಲ, ಶಟರಿನಲ್ಲಿದೆ. 30 ಫ್ರೇಮಿನಲ್ಲಿ ಹಿಡಿಯುವವರೂ ಶಟರನ್ನು 1/50ಕ್ಕೋ 1/100ಕ್ಕೋ ಇಡಬಹುದು. ಹಲವು ಕ್ಯಾಮೆರಾಗಳ ಸೆಟ್ಟಿಂಗಿನಲ್ಲಿ ಫ್ಲಿಕರ್ ತಡೆಯ ಆಯ್ಕೆ ಇರುತ್ತದೆ, ಅಲ್ಲಿ 50 ಹರ್ಟ್ಜ್ ಆರಿಸಬೇಕು. ಜಾತ್ರೆಯ ನಾಟಕಕ್ಕೆ ಜನರೇಟರ್ ಹಚ್ಚಿದಾಗ ಮಾತ್ರ ಈ ಲೆಕ್ಕವೂ ಪೂರಾ ನಿಲ್ಲುವುದಿಲ್ಲ. ಲೋಡ್ ಏರಿಳಿದಂತೆ ಅದರ ಆವರ್ತ 50ರಿಂದ ಆಚೀಚೆ ಸರಿಯುತ್ತದೆ. ಆಟ ಶುರುವಾಗುವ ಮೊದಲು ರಂಗದ ಬೆಳಕೆಲ್ಲ ಹಚ್ಚಿಸಿ ಒಂದು ನಿಮಿಷ ಹಿಡಿದು ನೋಡುವುದೊಂದೇ ದಾರಿ.

ಚಿತ್ರಕ್ಕಿಂತ ಹೆಚ್ಚು ಗೋಳು ಧ್ವನಿಯದು. ನಮ್ಮ ಭಾಗದಲ್ಲಿ ವಿಡಿಯೋ ಅಂದರೆ ಅರ್ಧಕ್ಕರ್ಧ ಹಾಡೇ. ಹರದೇಶಿ–ನಾಗೇಶಿ ವಾದದ ಗೀಗೀ ಮೇಳ, ಡೊಳ್ಳಿನ ಪದ, ಚೌಡಕಿ ಪದ, ಭಜನೆ, ಮೊಹರಮ್ಮಿನ ರಿವಾಯತ್ ಪದ. ಇಲ್ಲಿ ವೇಗ ಬದಲಾದರೆ ತಾಳವೂ ಶ್ರುತಿಯೂ ಕೆಡುತ್ತವೆ. ಇದಕ್ಕೆ ಹಳೆಯ ನಿದರ್ಶನ ಸಿನಿಮಾದಲ್ಲಿದೆ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಫ್ರೇಮಿನಲ್ಲಿ. ಪಾಲ್ ಟೀವಿಯಲ್ಲಿ ಅದನ್ನೇ 25ರಲ್ಲಿ ಓಡಿಸುವುದು ರೂಢಿಯಾಗಿತ್ತು. ಮೂರು ತಾಸಿನ ಸಿನಿಮಾ ಏಳು ನಿಮಿಷ ಮೊದಲೇ ಮುಗಿಯುತ್ತಿತ್ತು, ಹಾಡಿನ ಶ್ರುತಿ ಹಾರ್ಮೋನಿಯಂನ ಒಂದು ಪಟ್ಟಿಗೆ ತುಸು ಕಡಿಮೆ ಮೇಲೇರುತ್ತಿತ್ತು. ಥೇಟರಿನಲ್ಲಿ ಕೇಳಿದ ಹಾಡು ಟೀವಿಯಲ್ಲಿ ತುಸು ತೆಳ್ಳಗೆ ಕೇಳಿಸಿದ್ದು ಬರೀ ಭ್ರಮೆಯಾಗಿರಲಿಕ್ಕಿಲ್ಲ.

ಅಂದರೆ ಫ್ರೇಮ್ ರೇಟ್ ಬದಲಿಸಲು ಎರಡೇ ದಾರಿ: ಎಲ್ಲ ಫ್ರೇಮ್ ಉಳಿಸಿಕೊಂಡು ವೇಗ ಬದಲಿಸುವುದು, ಇಲ್ಲವೇ ವೇಗ ಉಳಿಸಿಕೊಂಡು ಫ್ರೇಮ್ ಕೂಡಿಸುವುದು, ಕಳೆಯುವುದು. ಹಾಡಿಗೆ ಮೊದಲನೆಯದು ಬೇಡ. ಮೂರನೆಯ ದಾರಿ ಸರಳವಾದದ್ದು, ಬದಲಿಸದೆ ಬಿಡುವುದು. ಯೂಟ್ಯೂಬ್ ಕೂಡ ಹಿಡಿದ ಫ್ರೇಮ್ ರೇಟಿನಲ್ಲೇ ಏರಿಸಿ ಎನ್ನುತ್ತದೆ. 25ರ ಹಾಡನ್ನು 60 ಮಾಡಿ ಏರಿಸಿದರೆ ಮೇಲೆ ಬರುವ ಅಂಕಿ ಚೆಂದ, ಒಳಗಿರುವುದು ಅವೇ 25.

ತುಟಿ ಮತ್ತು ಮಾತು ಅಗಲುವುದರಲ್ಲಿ ಎರಡು ಬಗೆ, ಮೊದಲು ಯಾವುದೆಂದು ಗುರುತಿಸಬೇಕು. ಶುರುವಿನಿಂದ ಕೊನೆಯ ತನಕ ಅಂತರ ಒಂದೇ ಇದ್ದರೆ ಅದು ಜೋಡಣೆಯ ದೋಷ, ಧ್ವನಿಯ ಪಟ್ಟಿಯನ್ನು ಅಷ್ಟು ಸರಿಸಿದರೆ ಮುಗಿಯಿತು. ಮೊದಲು ಸರಿಯಿದ್ದು ಹೋಗಹೋಗುತ್ತ ಅಂತರ ಬೆಳೆದರೆ ಅದು ಲೆಕ್ಕದ ದೋಷ. 29.97ರ ಫೈಲನ್ನು ತಂತ್ರಾಂಶ 30 ಎಂದು ತಿಳಿದರೆ ಒಂದು ತಾಸಿಗೆ 3.6 ಸೆಕೆಂಡ್ ತಪ್ಪುತ್ತದೆ. ರಾತ್ರಿಯೆಲ್ಲ ನಡೆಯುವ ನಾಟಕದಲ್ಲಿ ನಾಯಕ ಅಂದ ಮಾತು ಖಳನಾಯಕನ ಬಾಯಿಗೆ ಬರಲು ಇಷ್ಟು ಸಾಕು. ಮೊಬೈಲಿನಲ್ಲಿ ಇದು ಇನ್ನೂ ಕೆಟ್ಟದಾಗಿ ಬರುತ್ತದೆ, ಯಾಕೆಂದರೆ ಹಲವು ಮೊಬೈಲುಗಳು ಬೆಳಕು ಕಡಿಮೆಯಾದಾಗ, ಬಿಸಿಯಾದಾಗ ತಾವೇ ಫ್ರೇಮ್ ರೇಟನ್ನು ಇಳಿಸಿಕೊಳ್ಳುತ್ತವೆ. 30 ಎಂದು ತೋರಿಸಿದರೂ ಒಳಗೆ ಒಮ್ಮೆ 30, ಒಮ್ಮೆ 24. ಮೊಬೈಲಿನ ಪ್ಲೇಯರಿನಲ್ಲಿ ಸರಿಯಾಗಿ ಓಡಿದ ಇಂಥ ಫೈಲು ಎಡಿಟಿಂಗಿಗೆ ಹೋದೊಡನೆ ಧ್ವನಿ ತಪ್ಪುತ್ತದೆ. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಫ್ರೇಮ್ ರೇಟಿನ ಎದುರು ‘ವೇರಿಯಬಲ್’ ಎಂದಿರುತ್ತದೆ. ಎಡಿಟಿಂಗಿಗೆ ಮುಂಚೆ ಹ್ಯಾಂಡ್‌ಬ್ರೇಕ್ ಎಂಬ ಕನ್ವರ್ಟರಿನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಒಮ್ಮೆ ಪರಿವರ್ತಿಸಿಕೊಳ್ಳಬೇಕು. ನಾನು ಕನ್ವರ್ಷನ್ ಬೇಡವೆನ್ನುವ ಪಕ್ಷದವನು, ಆದರೂ ಇಲ್ಲಿ ಅದು ಬೇಕೇ ಬೇಕು.

ಇನ್ನು ಟೇಪಿನ ಕಾಲದ್ದು. ಪಾಲ್ ಕ್ಯಾಮೆರಾ ಸೆಕೆಂಡಿಗೆ 25 ಪೂರ್ತಿ ಚಿತ್ರ ಹಿಡಿಯುತ್ತಿರಲಿಲ್ಲ. 50 ಅರ್ಧ ಚಿತ್ರ ಹಿಡಿಯುತ್ತಿತ್ತು, ಒಮ್ಮೆ ಬೆಸ ಗೆರೆಗಳು, ಮರುಕ್ಷಣ ಸಮ ಗೆರೆಗಳು. ಹಳೆಯ ದಪ್ಪ ಟೀವಿಯಲ್ಲಿ ಇದು ಬಹಳ ನಯವಾಗಿ ಕಾಣುತ್ತಿತ್ತು. ಎರಡೂ ಅರ್ಧಗಳನ್ನು ಒಟ್ಟಿಗೆ ತೋರಿಸುವ ಇಂದಿನ ಪರದೆಯಲ್ಲಿ ಓಡುವ ಎತ್ತಿನ ಅಂಚು ಹಣಗಿಯ ಹಲ್ಲಿನಂತೆ ಸೀಳುತ್ತದೆ. ಇದನ್ನು ತೆಗೆಯುವುದೇ ಡಿಇಂಟರ್‌ಲೇಸ್. ನಮ್ಮ ಕಡೆ ಅತಿ ಹೆಚ್ಚು ನಷ್ಟವಾಗುತ್ತಿರುವುದು ಈ ಒಂದು ಹೆಜ್ಜೆಯಲ್ಲಿ. ಸುಮಾರು ಎಲ್ಲರೂ 50 ಅರ್ಧಗಳಿಂದ 25 ಪೂರ್ತಿ ಫ್ರೇಮ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ಆಗ ಚಲನೆಯ ಅರ್ಧ ಭಾಗ ಹೋಗಿಯೇ ಹೋಯಿತು. ಪ್ರತಿ ಅರ್ಧವನ್ನೂ ಒಂದೊಂದು ಫ್ರೇಮಾಗಿ ಬೆಳೆಸಿ 50 ಮಾಡಬಹುದು, ಮಾಡಬೇಕು. ಕಾರಹುಣ್ಣಿಮೆಯ ಕರಿ ಹರಿಯುವ ಎತ್ತುಗಳನ್ನು ಹಳೆಯ ಟೇಪಿನಿಂದ ಎರಡೂ ಬಗೆಯಲ್ಲಿ ತೆಗೆದು ಅಕ್ಕಪಕ್ಕ ಓಡಿಸಿ ನೋಡಿದರೆ ಮತ್ತೆ ವಾದ ಬೇಡ.

ಇದರಲ್ಲಿ ಕ್ರಮವೂ ಮುಖ್ಯ. ಮೊದಲು ಡಿಇಂಟರ್‌ಲೇಸ್, ಆಮೇಲೆ ಅಳತೆ ಬದಲಿಸುವುದು. ಇದನ್ನು ತಿರುಗಮುರುಗ ಮಾಡಿದರೆ ಆ ಸೀಳುಗಳು ಚಿತ್ರದೊಳಗೆ ಕಲಸಿ ಶಾಶ್ವತವಾಗುತ್ತವೆ. ಯಾವ ಅರ್ಧ ಮೊದಲು ಎಂಬುದನ್ನೂ ನೋಡಬೇಕು. ಮಿನಿ ಡಿವಿ ಟೇಪಿನಲ್ಲಿ ಕೆಳಗಿನ ಅರ್ಧ ಮೊದಲು, 2006ರ ನಂತರ ಬಂದ ಎವಿಸಿಎಚ್‌ಡಿ ಹ್ಯಾಂಡಿಕ್ಯಾಮುಗಳಲ್ಲಿ ಮೇಲಿನದು ಮೊದಲು. ತಪ್ಪಿದರೆ ಮೆರವಣಿಗೆಯ ಮಂದಿ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಹಾಕುತ್ತ ನಡುಗುತ್ತಾರೆ.

ಅಜ್ಜನ ಮಾರಿ ಅಗಲವಾದದ್ದಕ್ಕೆ ಕಾರಣ ಚಿಕ್ಕದು. ಪಾಲ್ ಡಿಜಿಟಲ್ ಚಿತ್ರದ ಅಳತೆ 720×576. ಅದರ ಚುಕ್ಕೆಗಳು ಚೌಕಾಕಾರವಲ್ಲ. 4:3 ಚಿತ್ರವಾದರೆ ತೋರಿಸುವಾಗ 768×576 ಆಗಬೇಕು, 16:9 ಆದರೆ 1024×576. ಹಳೆಯ 4:3 ಲಗ್ನವನ್ನು ಈಗಿನ ಟೀವಿ ತುಂಬ ಎಳೆದರೆ ಎಲ್ಲರೂ ಮೂರನೆಯ ಒಂದು ಪಾಲು ದಪ್ಪಗಾಗುತ್ತಾರೆ. ಮೇಲೆ ಕೆಳಗೆ ಕತ್ತರಿಸಿ ತುಂಬಿಸಿದರೆ ಎತ್ತರದ ಕಾಲು ಭಾಗ ಹೋಗುತ್ತದೆ, ಜಾತ್ರೆಯ ವಿಡಿಯೋದಲ್ಲಿ ತೇರಿನ ಕಳಸವೇ ಮಾಯ. ಬದಿಯಲ್ಲಿ ಕಪ್ಪು ಜಾಗ ಬಿಡಿ. “ಟೀವಿ ಪೂರಾ ತುಂಬವಲ್ದು” ಎಂದು ಗಿರಾಕಿ ಮುಖ ಗಂಟಿಕ್ಕಿದರೂ ಬಿಡಿ. ಆ ಜಾಗವನ್ನು ಅದೇ ಚಿತ್ರದ ಮಸುಕು ನಕಲಿನಿಂದ ತುಂಬುವ ಫ್ಯಾಷನ್ ನನಗಂತೂ ಹಿಡಿಸುವುದಿಲ್ಲ.

“ಹಳೆ ಕ್ಯಾಸೆಟ್ 4ಕೆ ಮಾಡಿಕೊಡಲಾಗುತ್ತದೆ” ಎಂಬ ಮಾತಿಗೆ ಮರುಳಾಗುವ ಮುಂಚೆ ಒಂದು ಗುಣಾಕಾರ ಮಾಡಬೇಕು. 720×576 ಅಂದರೆ 4,14,720 ಚುಕ್ಕೆ. 4ಕೆ, ಅಂದರೆ 3840×2160, ಸುಮಾರು 83 ಲಕ್ಷ. ಸರಿಯಾಗಿ 20 ಪಟ್ಟು. ಪರದೆಯ ಮೇಲಿನ 20 ಚುಕ್ಕೆಯಲ್ಲಿ 19 ಯಂತ್ರದ ಊಹೆ. ವಿಎಚ್‌ಎಸ್‌ನಲ್ಲಂತೂ ಅಡ್ಡಕ್ಕೆ ಸುಮಾರು 240 ಗೆರೆಯಷ್ಟೇ ವಿವರ ಇರುವುದರಿಂದ ಊಹೆ ಇನ್ನೂ ಹೆಚ್ಚು. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಮಸುಕು ಮುಖಕ್ಕೆ ಕಣ್ಣು, ಹುಬ್ಬು, ಹಲ್ಲು ಬಿಡಿಸಿ ಕೊಡುತ್ತವೆ. ನೋಡಲು ಚೊಕ್ಕಟ, ಆದರೆ ಅದು ತೀರಿಹೋದ ಅತ್ತೆಯ ಮುಖ ಹೌದೋ ಅಲ್ಲವೋ ಎಂಬುದನ್ನು ಮನೆಯವರೇ ಹೇಳಬೇಕು. ಅಳತೆ ಹಿಗ್ಗಿಸಲು ಒಂದೇ ಒಂದು ನ್ಯಾಯವಾದ ಕಾರಣ ನನಗೆ ಕಂಡಿದೆ. ಯೂಟ್ಯೂಬ್ 50 ಫ್ರೇಮನ್ನು ತೋರಿಸುವುದು 720 ಗೆರೆ ಮತ್ತು ಅದಕ್ಕಿಂತ ಮೇಲಿನ ಅಳತೆಯಲ್ಲಿ ಮಾತ್ರ. ಟೇಪಿನಿಂದ 50 ಮಾಡಿ ತೆಗೆದದ್ದು ಅಲ್ಲಿ ಹಾಗೇ ಉಳಿಯಬೇಕಾದರೆ ಅಷ್ಟಕ್ಕೆ ಹಿಗ್ಗಿಸಲೇಬೇಕು.

ಟೇಪುಗಳ ಬಗ್ಗೆ ಇಷ್ಟು ಉದ್ದ ಬರೆಯಲು ಕಾರಣವಿದೆ. ಹಲಸಂಗಿ ಗೆಳೆಯರು ಈ ಸೀಮೆಯ ಹಾಡು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಹೊರತಂದಾಗ ಅವರ ಕೈಯಲ್ಲಿದ್ದದ್ದು ಕಾಗದ. ಮಾತು ಉಳಿಯಿತು, ಹಾಡಿದವರ ದನಿಯಾಗಲಿ, ಬೀಸುವಾಗಿನ ಕೈಯ ಲಯವಾಗಲಿ ಕಾಗದದಲ್ಲಿ ನಿಲ್ಲಲಿಲ್ಲ. ವಿಡಿಯೋ ಕ್ಯಾಮೆರಾ ಬಂದ ಮೇಲೆ ಲಗ್ನದ ಕ್ಯಾಸೆಟ್ಟುಗಳಲ್ಲಿ, ನಾಟಕದ, ಜಾತ್ರೆಯ ಟೇಪುಗಳಲ್ಲಿ ಅದೆಲ್ಲ ತಾನಾಗಿ ದಾಖಲಾಯಿತು. ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಹಿನ್ನೀರಿಗೆ ಹೋದ ಊರುಗಳ ಅಂಗಳ, ಗುಡಿ, ಅಗಸಿ ಅಂಥ ಕ್ಯಾಸೆಟ್ಟಿನಲ್ಲಿದ್ದರೆ ಅವನ್ನು ಇನ್ನೊಮ್ಮೆ ಹಿಡಿಯಲು ಬರುವುದಿಲ್ಲ. ಆ ಟೇಪಿನ ಕಾಂತೀಯ ಲೇಪ ವರ್ಷ ವರ್ಷ ಸೋರುತ್ತಿದೆ, ಓಡಿಸುವ ಯಂತ್ರವೂ ಇಲ್ಲದಾಗುತ್ತಿದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ನಿಲ್ಲಿಸಿತು.

ಕ್ಯಾಸೆಟ್ಟಿನಿಂದ ಇಳಿಸುವಾಗ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಯ ಸೆಟ್ಟಿಂಗ್ ಪಾಲ್, 720×576, 25 ಎಂದಿದೆಯೇ ನೋಡಿ. ಎನ್‌ಟಿಎಸ್‌ಸಿಯಲ್ಲಿ ಬಿಟ್ಟರೆ ಚಿತ್ರ ಉರುಳುತ್ತದೆ, ಇಲ್ಲವೇ ಬಣ್ಣ ಹೋಗಿ ಕಪ್ಪುಬಿಳುಪಾಗುತ್ತದೆ. ಟೇಪು ಕೆಟ್ಟಿದೆ ಎಂದು ಎಸೆಯುವ ಮೊದಲು ಇದೊಂದನ್ನು ಪರೀಕ್ಷಿಸಬೇಕು. ಮಿನಿ ಡಿವಿಯಲ್ಲಿರುವುದು ಆಗಲೇ ಡಿಜಿಟಲ್. ಫೈರ್‌ವೈರ್ ತಂತಿಯಿಂದ ಇದ್ದದ್ದು ಇದ್ದ ಹಾಗೆ ಇಳಿಯುತ್ತದೆ, ತಾಸಿಗೆ ಸುಮಾರು 13 ಜಿಬಿ. ಅದನ್ನು ಹಳದಿ, ಕೆಂಪು, ಬಿಳಿ ಪಿನ್ನಿನ ತಂತಿಯಲ್ಲಿ ಇಳಿಸುವುದು ಇದ್ದ ಗುಣವನ್ನು ಸುಮ್ಮನೆ ಕಳೆದಂತೆ. ಡಿವಿಡಿಯನ್ನೂ ಹಾಗೆಯೇ ನೇರ ನಕಲು ಮಾಡಿಕೊಳ್ಳಬಹುದು, ಮರುಎನ್‌ಕೋಡ್ ಬೇಡ. ವಿಸಿಡಿಯಲ್ಲಿ ಇರುವುದೇ 352×288. ಅದರಿಂದ ಹೆಚ್ಚಿನದನ್ನು ಬೇಡಬಾರದು.

“ಟೀವ್ಯಾಗ ಓಡವಲ್ದು” ಎಂಬ ದೂರಿಗೆ ಮೂರು ಕಡೆ ಹುಡುಕಬೇಕು. ಮೊದಲನೆಯದು ಪೆನ್‌ಡ್ರೈವ್. ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಅದರಲ್ಲಿ ಕೂರುವುದಿಲ್ಲ. ಸೆಕೆಂಡಿಗೆ 8 ಮೆಗಾಬಿಟ್ ಲೆಕ್ಕದಲ್ಲಿ ಒಂದು ತಾಸಿಗೆ 3.6 ಜಿಬಿ, ಮೂರು ತಾಸಿನ ಲಗ್ನಕ್ಕೆ 10.8. ಎಕ್ಸ್‌ಫ್ಯಾಟ್ ಮಾಡಿದರೆ ಕೂರುತ್ತದೆ, ಹಳೆಯ ಟೀವಿ ಅದನ್ನು ಓದದೇ ಇರಬಹುದು. ಹಳ್ಳಿಯ ಮನೆಗೆ ಕೊಡುವುದಾದರೆ ಅರಿಶಿಣ, ದೇವರ ಕಾರ್ಯ, ಅಕ್ಕಿಕಾಳು, ಊಟ ಎಂದು ತುಂಡು ಮಾಡಿ ಕೊಡುವುದೇ ಚಲೋ. ಮೂರು ತಾಸು ಒಂದೇ ಸಮನೆ ಯಾರೂ ನೋಡುವುದೂ ಇಲ್ಲ.

ಎರಡನೆಯದು ಕೋಡೆಕ್, ಅಂದರೆ ಚಿತ್ರವನ್ನು ಹಿಂಡಿಡುವ ರೀತಿ. 2003ರ ಎಚ್.264 ಹೆಚ್ಚುಕಡಿಮೆ ಎಲ್ಲ ಟೀವಿಯಲ್ಲೂ ನಡೆಯುತ್ತದೆ. 2013ರ ಎಚ್.265 ಅದೇ ಗುಣಕ್ಕೆ ಸುಮಾರು ಅರ್ಧ ಜಾಗ ಸಾಕೆನ್ನುತ್ತದೆ, ಆದರೆ ಹಳೆಯ ಟೀವಿಗೆ ಅರ್ಥವಾಗುವುದಿಲ್ಲ. ಐಫೋನ್ 12ರಿಂದೀಚೆಗೆ ಎಚ್‌ಡಿಆರ್ ಬೇರೆ ಸೇರಿದೆ. ಸಾಮಾನ್ಯ ಟೈಮ್‌ಲೈನಿಗೆ ಹಾಗೇ ಹಾಕಿದರೆ ಮದುಮಗಳ ಸೀರೆಯ ಬಣ್ಣ ಬೆಳ್ಳಗೆ ತೇಲಿಹೋಗುತ್ತದೆ. ಹಿಡಿಯುವ ಮೊದಲೇ ಎಚ್‌ಡಿಆರ್ ಬಂದ್ ಮಾಡುವುದು ಸುಲಭ. ಮೂರನೆಯದು ಫೈಲಿನ ಹೊರಕವಚ. ಎಂಕೆವಿ, ಎಂಒವಿ, ಎಂಪಿ4 ಇವೆಲ್ಲ ಕವಚದ ಹೆಸರುಗಳು, ಒಳಗಿನ ಚಿತ್ರ ಒಂದೇ ಆಗಿರಬಹುದು. ಟೀವಿಗೆ ಕವಚವಷ್ಟೇ ಒಗ್ಗದಿದ್ದರೆ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದ ‘ಕಾಪಿ’ ಆಯ್ಕೆಯಿಂದ ಅದೊಂದನ್ನೇ ಬದಲಿಸಬಹುದು. ಚಿತ್ರದ ಗುಣ ಒಂದಿಷ್ಟೂ ಇಳಿಯುವುದಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಚಿತ್ರ ಬಂದು ಧ್ವನಿ ಬಾರದಿದ್ದರೆ ಧ್ವನಿಯನ್ನು ಮಾತ್ರ ಎಎಸಿಗೆ ಬದಲಿಸಿದರೆ ಸಾಕು. ಇಂಥದಕ್ಕೆ ಇಡೀ ಫೈಲನ್ನು ರಾತ್ರಿಯಿಡೀ ಬೇಯಿಸುವವರನ್ನು ಕಂಡರೆ ಕರೆಂಟ್ ಬಿಲ್ಲಿನ ಚಿಂತೆಯಾಗುತ್ತದೆ.

2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಎಂಬ ಫ್ರೆಂಚ್ ಪ್ರೋಗ್ರಾಮರ್ ಶುರುಮಾಡಿದ ಎಫ್‌ಎಫ್‌ಎಂಪೆಗ್ ಇವತ್ತು ಬಹುತೇಕ ಕನ್ವರ್ಟರುಗಳ ಒಳಗಿನ ಯಂತ್ರ. ಹ್ಯಾಂಡ್‌ಬ್ರೇಕ್ ಕೂಡ ಅದನ್ನೇ ಆಧರಿಸಿದೆ. ಎರಡೂ ಉಚಿತ. ಕಳ್ಳ ಪ್ರತಿಯ ಕನ್ವರ್ಟರ್ ಇಳಿಸಿಕೊಂಡು ವೈರಸ್ಸಿಗೆ ಬಾಗಿಲು ತೆರೆಯುವ ಅಗತ್ಯ ಯಾವ ಸ್ಟುಡಿಯೋಕ್ಕೂ ಇಲ್ಲ. ಹ್ಯಾಂಡ್‌ಬ್ರೇಕಿನಲ್ಲಿ ಎಚ್.264, ಗುಣದ ಅಂಕಿ 20ರಿಂದ 22, ಫ್ರೇಮ್ ರೇಟ್ ಮೂಲದಲ್ಲಿದ್ದಷ್ಟೇ. ಹೆಚ್ಚಿನ ಲಗ್ನಗಳಿಗೆ ಇಷ್ಟು ಸಾಕು. ಅಲ್ಲಿ ಅಂಕಿ ಇಳಿದಷ್ಟೂ ಗುಣ ಏರುತ್ತದೆ, ಅದು ನೆನಪಿರಲಿ.

ವಾಟ್ಸಾಪಿನ ಮಾತು ಬೇರೆಯೇ. ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ಲಿಂಗೈಕ್ಯರಾದ ಮೇಲೆ ಅವರ ಪ್ರವಚನದ ತುಣುಕುಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಲೇ ಇವೆ. ಒಬ್ಬರು ಕತ್ತರಿಸಿ, ಇನ್ನೊಬ್ಬರು ಅಕ್ಷರ ಅಂಟಿಸಿ, ಮತ್ತೊಬ್ಬರು ಸ್ಟೇಟಸ್ಸಿನಿಂದ ಇಳಿಸಿಕೊಂಡು ಮತ್ತೆ ಏರಿಸಿದಾಗ ಪ್ರತಿ ಸಲವೂ ಚಿತ್ರ ಹೊಸದಾಗಿ ಹಿಂಡಿಸಿಕೊಳ್ಳುತ್ತದೆ. ಮಾತು ಕೇಳುತ್ತದೆ, ಮುಖ ಚೌಕಚೌಕವಾಗಿ ಒಡೆದಿರುತ್ತದೆ. ಇದಕ್ಕೆ ಸೆಟ್ಟಿಂಗಿನಲ್ಲಿ ಮದ್ದಿಲ್ಲ, ಮೂಲ ಸಿಕ್ಕರೆ ಉಂಟು. ಗೋವಾಕ್ಕೋ ಪುಣೆಗೋ ದುಡಿಯಲು ಹೋದ ತಮ್ಮನಿಗೆ ಲಗ್ನದ ವಿಡಿಯೋ ಕಳಿಸುವಾಗ ‘ಡಾಕ್ಯುಮೆಂಟ್’ ಎಂದು ಆರಿಸಿದರೆ ಹಿಂಡುವಿಕೆ ತಪ್ಪುತ್ತದೆ. 2022ರಿಂದ 2 ಜಿಬಿ ತನಕ ಹಾಗೆ ಹೋಗುತ್ತದೆ.

ಉಳಿದಿರುವುದು ಮೂಲವನ್ನು ಯಾರು ಕಾಯಬೇಕೆಂಬ ಪ್ರಶ್ನೆ. ಕ್ಯಾಮೆರಾದ ಕಾರ್ಡು ಮುಂದಿನ ಲಗ್ನಕ್ಕೆ ಬೇಕು, ಹಾರ್ಡ್‌ಡಿಸ್ಕಿಗೆ ರೊಕ್ಕ ಬೇಕು, ಎಲ್ಲವನ್ನೂ ವರ್ಷಗಟ್ಟಲೆ ಇಡಿ ಎಂದು ಸ್ಟುಡಿಯೋದವರನ್ನು ಕೇಳುವುದು ನ್ಯಾಯವಲ್ಲ. ಲಗ್ನಕ್ಕೆ ಅಷ್ಟು ಖರ್ಚು ಮಾಡುವ ಮನೆಯವರೇ ಒಂದು ಹಾರ್ಡ್‌ಡಿಸ್ಕ್ ಕೊಟ್ಟು ಎಡಿಟ್ ಮಾಡದ ಫೈಲನ್ನೂ ತುಂಬಿಸಿಕೊಳ್ಳಲಿ, ಇನ್ನೊಂದು ಪ್ರತಿ ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇರಲಿ. ಕ್ಯಾಸೆಟ್ ಇಳಿಸಲು ಕೊಟ್ಟವರು ಎಂಪಿ4 ಜತೆಗೆ ಮೊದಲು ಇಳಿಸಿದ ದೊಡ್ಡ ಫೈಲನ್ನೂ ಕೇಳಿ ಪಡೆಯಬೇಕು, ಕ್ಯಾಸೆಟ್ಟನ್ನೂ ವಾಪಸ್ ತರಬೇಕು. ಡಬ್ಬಿಯ ಮೇಲೆ ಊರು, ವರ್ಷ, ಪಾಲ್, 4:3, ಯಾವ ಅರ್ಧ ಮೊದಲು, ಇಷ್ಟನ್ನು ಬರೆಸಿಕೊಂಡರೆ ಮುಂದೆ ಬರುವ ಯಾವ ತಂತ್ರಾಂಶದವನಿಗೂ ಊಹಿಸುವ ಕೆಲಸ ಇರುವುದಿಲ್ಲ.